ಬೀಗ ಹಾಕಿಟ್ಟ ಹಾರ್ಡ್ ಡಿಸ್ಕ್

2022ರಲ್ಲಿ ನಾನು ಪೀಣ್ಯ ಎರಡನೇ ಹಂತದ ಒಂದು ಹೀಟ್ ಟ್ರೀಟ್‌ಮೆಂಟ್ ಕಾರ್ಖಾನೆಯಲ್ಲಿ ಕ್ವಾಲಿಟಿ ಮ್ಯಾನೇಜರ್ ಆಗಿದ್ದೆ. ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಸರ್ಕಾರಿ ಕಾರ್ಖಾನೆಯೊಂದರಲ್ಲಿ ದುಡಿದು, ಸ್ವಯಂ ನಿವೃತ್ತಿ ಪಡೆದು ಬಂದವನು. ಅಲ್ಲಿಂದ ಹೊತ್ತು ತಂದ ಅಭ್ಯಾಸಗಳು ಎರಡು: ಕಂಡ ಕಾಗದಕ್ಕೆಲ್ಲ ಸಹಿ ಹಾಕುವುದು, ಕಂಡ ವಸ್ತುವಿಗೆಲ್ಲ ಬೀಗ ಹಾಕುವುದು. ಈ ಎರಡೂ ಸೇರಿ ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಹಾಕುವುದರಲ್ಲಿದ್ದವು.

ಬಸ್ಸುಗಳ ಸ್ಟಿಯರಿಂಗ್ ಜೋಡಣೆಗೆ ಬೇಕಾದ ಉಕ್ಕಿನ ಪಿನ್‌ಗಳು ನಮ್ಮಲ್ಲಿಗೆ ಬರುತ್ತಿದ್ದವು. ಅವನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಟ್ಟಿಯಾಗುತ್ತವೆ. ಜೊತೆಗೆ ಗಾಜಿನ ಹಾಗೆ ಪಟ್ಟನೆ ಒಡೆಯುವ ಗುಣವೂ ಬಂದುಬಿಡುತ್ತದೆ. ಅದನ್ನು ತೆಗೆಯಲು ಪಿನ್‌ಗಳನ್ನು ಬುಟ್ಟಿಯಲ್ಲಿ ತುಂಬಿ ಇನ್ನೊಂದು ಫರ್ನೇಸಿನಲ್ಲಿ ಇನ್ನೂರು ಡಿಗ್ರಿಯಲ್ಲಿ ಎರಡು ಗಂಟೆ ಇಡಬೇಕು. ಇದಕ್ಕೆ ಟೆಂಪರಿಂಗ್ ಎನ್ನುತ್ತಾರೆ. ಫರ್ನೇಸಿನ ಪಕ್ಕದ ಕಂಪ್ಯೂಟರ್ ನಿಮಿಷಕ್ಕೊಮ್ಮೆ ಶಾಖವನ್ನು ದಾಖಲಿಸುತ್ತಿತ್ತು, ಶಾಖ ಇಳಿದರೆ ಸೈರನ್ ಕೂಗಿಸುತ್ತಿತ್ತು. ಗ್ರಾಹಕರ ಷರತ್ತಿನಂತೆ ಈ ದಾಖಲೆಗಳನ್ನು ವರ್ಷಗಟ್ಟಲೆ ಕಾಪಾಡಬೇಕು. ಹಳೆಯ ಕಂಪ್ಯೂಟರಿನಲ್ಲಿ ಜಾಗ ಮುಗಿದಾಗ ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್ ಕೊಳ್ಳಬೇಕಾಯಿತು.

ಕಂಪ್ಯೂಟರ್ ಅಂಗಡಿಯವರು ಎರಡು ಬಗೆಯ ಡಿಸ್ಕ್ ತೋರಿಸಿದರು. ಒಂದು ಯುಎಸ್‌ಬಿಯದು: ಒಂದೇ ಕೇಬಲ್ಲಿನಲ್ಲಿ ಕರೆಂಟೂ ಹೋಗುತ್ತದೆ, ದಾಖಲೆಯೂ ಹೋಗುತ್ತದೆ, ಸಿಕ್ಕಿಸಿದರೆ ಕೆಲಸ ಶುರು. ಇನ್ನೊಂದು ನೆಟ್‌ವರ್ಕ್ ಕೇಬಲ್ಲಿನದು: ಅದಕ್ಕೆ ಬೇರೆ ಕರೆಂಟ್ ಬೇಕು, ಸೆಟ್ಟಿಂಗ್ ಮಾಡಬೇಕು, ಆದರೆ ದೂರದಲ್ಲಿಡಬಹುದು. ನನಗೆ ಸೆಟ್ಟಿಂಗಿನ ಗೋಜು ಬೇಡವಾಗಿತ್ತು. ಹಾಗೆಂದು ಡಿಸ್ಕನ್ನು ಕೆಲಸಗಾರರ ಕೈಗೆ ಸಿಗುವಂತೆ ಇಡುವುದೂ ಬೇಡವಾಗಿತ್ತು. ಯುಎಸ್‌ಬಿಯದನ್ನೇ ತರಿಸಿ, ಐದು ಮೀಟರ್ ಉದ್ದದ ಎಕ್ಸ್‌ಟೆನ್ಷನ್ ಕೇಬಲ್ ಎಳೆಸಿ, ಡಿಸ್ಕನ್ನು ನನ್ನ ಕ್ಯಾಬಿನ್ನಿನ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕೀಲಿ ನನ್ನ ಜೇಬಿನಲ್ಲಿ. ಆ ಕೇಬಲ್ ಹಾದು ಬಂದದ್ದು ಇಂಡಕ್ಷನ್ ಮಷೀನಿನ ದಪ್ಪ ಪವರ್ ಕೇಬಲ್‌ಗಳಿದ್ದ ಟ್ರೇಯಲ್ಲೇ. ಖಾಲಿ ಜಾಗವಿತ್ತು, ಹಾಕಿಸಿದೆ.

ಇಂಡಕ್ಷನ್ ಮಷೀನ್ ಎಂದರೆ ವಿದ್ಯುತ್ತಿನ ಬಲದಿಂದಲೇ ಲೋಹವನ್ನು ಕ್ಷಣದಲ್ಲಿ ಕಾಯಿಸುವ ಯಂತ್ರ. ಅದನ್ನು ನಡೆಸುತ್ತಿದ್ದವನು ಯಮನೂರಪ್ಪ. ಕೊಪ್ಪಳದ ಕಡೆಯವನು, ನಲವತ್ತರ ಆಸುಪಾಸು, ಬಾಗಲಗುಂಟೆಯ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ಜೊತೆ ಇದ್ದ. ಟೆಂಪರಿಂಗ್ ಫರ್ನೇಸ್ ಕೂಡ ಅವನದೇ ಜವಾಬ್ದಾರಿ. ಡಿಸ್ಕ್ ಹಾಕಿ ಒಂದು ವಾರವಾಗಿರಬೇಕು, ಕ್ಯಾಬಿನ್ ಬಾಗಿಲಲ್ಲಿ ನಿಂತು ಹೇಳಿದ:

"ಸಾಹೇಬ್ರ, ನಮ್ ಮಷೀನ್ ಚಾಲೂ ಆದ ಕೂಡ್ಲೆ ನಿಮ್ಮ ಬೀರೂದಾಗಿನ ನೀಲಿ ಲೈಟ್ ಹೋಗತೈತ್ರಿ."

"ನೀನು ನಿನ್ನ ಫರ್ನೇಸ್ ನೋಡ್ಕೋಪ್ಪ, ನನ್ನ ಬೀರು ನಾನು ನೋಡ್ಕೋತೀನಿ" ಎಂದೆ. ಬೀರು ಇದ್ದದ್ದು ನನ್ನ ಕುರ್ಚಿಯ ಬೆನ್ನಿಗೆ. ನಾನು ತಿರುಗಿ ನೋಡಲೂ ಇಲ್ಲ.

ನಾಲ್ಕು ತಿಂಗಳ ನಂತರ ಗ್ರಾಹಕ ಕಂಪನಿಯಿಂದ ಒಂದು ಡಬ್ಬಿ ಬಂತು. ಒಳಗೆ ಎರಡು ತುಂಡಾದ ನಮ್ಮ ಪಿನ್. ಅವರ ಜೋಡಣಾ ಸಾಲಿನಲ್ಲಿ ಬೋಲ್ಟ್ ಬಿಗಿಯುವಾಗಲೇ ಮುರಿದಿತ್ತು. ಇದೇ ಪಿನ್ ಜನ ತುಂಬಿದ ಬಸ್ಸಿನಲ್ಲಿ, ತಿರುವಿನಲ್ಲಿ ಮುರಿದಿದ್ದರೆ ಡ್ರೈವರ್ ಕೈಯಲ್ಲಿ ಬರೀ ಸ್ಟಿಯರಿಂಗ್ ಚಕ್ರ ಉಳಿಯುತ್ತಿತ್ತು. ಆ ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದೆ. ಟೆಂಪರಿಂಗ್ ಆಗದ ಉಕ್ಕು ಹೇಗೆ ಒಡೆಯುತ್ತದೋ ಹಾಗೇ ಒಡೆದಿತ್ತು.

ಆ ಬುಟ್ಟಿಯ ಗ್ರಾಫ್ ತೆಗೆದೆವು. ಇನ್ನೂರು ಡಿಗ್ರಿಯಲ್ಲಿ ಎರಡು ಗಂಟೆ, ಗೆರೆ ಎಲ್ಲೂ ಕೆಳಗಿಳಿದಿಲ್ಲ, ಕೆಳಗೆ ನನ್ನ ಸಹಿ. ಅಂದರೆ ಫರ್ನೇಸಿನದು ತಪ್ಪಿಲ್ಲ. ಹಾಗಾದರೆ ಯಮನೂರಪ್ಪ ಆ ಬುಟ್ಟಿಯನ್ನು ಫರ್ನೇಸಿಗೇ ಇಟ್ಟಿಲ್ಲ. ನಾವೆಲ್ಲ ಬಂದ ತೀರ್ಮಾನ ಇದು. ಮಾಲೀಕರು ಅವನನ್ನು ಕರೆಸಿದರು.

"ಬುಟ್ಟಿ ನನ್ನ ಕೈಯಾರ ಒಳಗ ಇಟ್ಟೀನ್ರಿ, ಎರಡ್ ತಾಸ್ ಬಿಟ್ಟು ನನ್ನ ಕೈಯಾರ ಹೊರಗ ತಗದೀನ್ರಿ. ಸೈರನ್ ಕೂಗಿಲ್ರಿ" ಎಂದ. ನನ್ನ ಮುಖ ನೋಡಿದ. ನಾನು ಗ್ರಾಫನ್ನು ಅವನ ಮುಂದೆ ತಳ್ಳಿದೆ. ಅವತ್ತೇ ಅವನನ್ನು ಮನೆಗೆ ಕಳಿಸಲಾಯಿತು. ಕೆಲಸದಿಂದ ತೆಗೆಯಲು ನನ್ನ ವರದಿಯೊಂದು ಬಾಕಿಯಿತ್ತು.

ಎರಡು ದಿನ ಬಿಟ್ಟು ಮಧ್ಯಾಹ್ನ ಆ ವರದಿ ಬರೆಯಲು ಕೂತೆ. 'ಕಾರಣ: ಕೆಲಸಗಾರನ ನಿರ್ಲಕ್ಷ್ಯ' ಎಂದು ಬರೆದದ್ದೂ ಆಗಿತ್ತು. ಹಳೆಯ ಫೈಲೊಂದು ಬೇಕಾಗಿ ಬೀರುವಿನ ಕಡೆ ತಿರುಗಿದೆ. ಅದೇ ಹೊತ್ತಿಗೆ ಹೊರಗೆ ಬದಲಿ ಕೆಲಸಗಾರ ಇಂಡಕ್ಷನ್ ಮಷೀನ್ ಚಾಲೂ ಮಾಡಿದ. ಡಿಸ್ಕಿನ ನೀಲಿ ದೀಪ ಆರಿತು.

ಕೈಯಲ್ಲಿ ಕೀಲಿ ಹಿಡಿದುಕೊಂಡೇ ನಿಂತೆ. ಮಷೀನ್ ನಿಂತಿತು, ದೀಪ ಹತ್ತಿತು. ಮತ್ತೆ ಚಾಲೂ, ಮತ್ತೆ ಆರಿತು. ಒಂದೇ ಟ್ರೇಯಲ್ಲಿದ್ದ ಪವರ್ ಕೇಬಲ್‌ಗಳ ವಿದ್ಯುತ್ ಅಡಚಣೆ ನನ್ನ ಉದ್ದನೆಯ ಕೇಬಲ್ಲಿನ ಸಂಪರ್ಕವನ್ನು ಕಡಿಯುತ್ತಿತ್ತು.

ಫರ್ನೇಸಿನ ಬಳಿಗೆ ಓಡಿದೆ. ಕಂಪ್ಯೂಟರ್ ಪರದೆಯಲ್ಲಿ ಗಡಿಯಾರ 2.17ಕ್ಕೆ ನಿಂತಿತ್ತು. ಡಿಸ್ಕ್ ಸಿಗದೆ ತಂತ್ರಾಂಶ ಹಾಗೇ ಕಾಯುತ್ತ ಕೂತಿತ್ತು. ಒಂದು ಅನುಮಾನ ಬಂದು, ಶಾಖ ಅಳೆಯುವ ತಂತಿಯನ್ನು ಫರ್ನೇಸಿನಿಂದ ಹೊರಗೆಳೆದೆ. ಸೈರನ್ ಕಿವಿ ಕಿತ್ತುಹೋಗುವಂತೆ ಕೂಗಬೇಕಿತ್ತು. ಕೂಗಲಿಲ್ಲ. ಇಂಡಕ್ಷನ್ ಮಷೀನ್ ನಿಲ್ಲಿಸಲು ಸನ್ನೆ ಮಾಡಿದೆ. ಅದು ನಿಂತ ಮೇಲೆ ಸೈರನ್ ಬಾಯಿಬಿಟ್ಟಿತು. ತಂತಿಯನ್ನು ವಾಪಸ್ ಒಳಗಿಟ್ಟೆ. ಇನ್ನೊಮ್ಮೆ ಮಷೀನ್ ನಡೆಸಿ ನಿಲ್ಲಿಸಿದಾಗ ಪರದೆಯನ್ನೇ ನೋಡುತ್ತಿದ್ದೆ. ಕಳೆದುಹೋದ ನಿಮಿಷಗಳ ಜಾಗದಲ್ಲಿ ತಂತ್ರಾಂಶ ಈ ತುದಿಯಿಂದ ಆ ತುದಿಗೆ ತಾನೇ ಒಂದು ಗೆರೆ ಎಳೆದುಕೊಂಡಿತು.

ನಾಲ್ಕು ತಿಂಗಳ ಗ್ರಾಫುಗಳನ್ನು ಮೇಜಿನ ಮೇಲೆ ಹರಡಿದೆ. ನಿಜವಾದ ಫರ್ನೇಸಿನ ಗೆರೆ ಸಣ್ಣಗೆ ಏರಿಳಿಯುತ್ತದೆ, ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹಾಳೆಯ ಮೇಲೆ ಹಾಳೆಯಲ್ಲಿ ಸ್ಕೇಲ್ ಇಟ್ಟು ಎಳೆದಂಥ ತುಂಡುಗಳು. ಮುರಿದ ಪಿನ್ನಿನ ದಿನ ದೊಡ್ಡ ಆರ್ಡರಿಗಾಗಿ ಇಂಡಕ್ಷನ್ ಬಿಡುವಿಲ್ಲದೆ ನಡೆದಿತ್ತು. ಆ ಹಾಳೆಯಲ್ಲಿ ಒಂದು ಗಂಟೆ ಐವತ್ತು ನಿಮಿಷ ಒಂದೇ ನೇರ ಗೆರೆ. ಅವತ್ತು ಪರೀಕ್ಷೆಗೆ ತೆಗೆದ ಮಾದರಿ ಪಿನ್ನಿನ ಗಡಸುತನ ಮಿತಿಯ ಮೇಲಂಚಿನಲ್ಲಿತ್ತು, ಟೆಂಪರಿಂಗ್ ಸಾಲದೆ ಹೋದದ್ದರ ಗುರುತು ಅದು; ಆದರೂ ಗ್ರಾಫ್ ಚೆನ್ನಾಗಿದೆಯಲ್ಲ ಎಂದು ಪಾಸ್ ಮಾಡಿದವನೂ ನಾನೇ. ಎಲೆಕ್ಟ್ರಿಷಿಯನ್ ಕರೆಸಿ ಫರ್ನೇಸಿನ ಪ್ಯಾನೆಲ್ ಬಿಚ್ಚಿಸಿದೆ. ಹೀಟರಿನ ಒಂದು ಫ್ಯೂಸ್ ಸಡಿಲವಾಗಿ, ಸುತ್ತ ಕಪ್ಪಗೆ ಸುಟ್ಟಿತ್ತು. ಅವತ್ತು ಬಿಟ್ಟು ಬಿಟ್ಟು ಕರೆಂಟ್ ಹರಿದು ಫರ್ನೇಸ್ ತಣಿದು, ಮತ್ತೆ ಕಾದಿತ್ತು. ಯಾರಿಗೂ ತಿಳಿಯಲಿಲ್ಲ.

ವಿಷಯ ಕೇಳಿದ ಮಾಲೀಕರು ಎದ್ದು ಕ್ಯಾಬಿನ್ ಬಾಗಿಲು ಹಾಕಿದರು. ಕೆಟ್ಟ ಮನುಷ್ಯರಲ್ಲ, ಹೆದರಿದ್ದರು.

"ಮೂರ್ತಿ ಅವ್ರೇ, ಅವನೊಬ್ಬ ಹೋದ್ರೆ ಇದು ಮುಗಿಯುತ್ತೆ. ನಾಲ್ಕು ತಿಂಗಳ ಗ್ರಾಫೇ ಸುಳ್ಳು ಅಂತ ಬರೆದ್ರೆ ನಾವೆಲ್ಲ ಹೋಗ್ತೀವಿ. ಯೋಚ್ನೆ ಮಾಡಿದೀರಾ?"

"ಅವನನ್ನ ಕಳ್ಸಿದ್ರೆ ಪಿನ್ ಮುರಿಯೋದು ನಿಲ್ಲಲ್ಲ ಸಾರ್. ಇನ್ನೊಂದು ಸಲ ರೋಡಲ್ಲೇ ಮುರಿಯುತ್ತೆ."

ಮಾಲೀಕರು ತಾವೇ ಹಾಕಿದ್ದ ಬಾಗಿಲನ್ನು ತೆರೆದರು. "ಬರೀರಿ. ಆದ್ರೆ ಆ ಡಿಸ್ಕ್ ತರಿಸಿದ್ದು ಯಾರು ಅಂತಾನೂ ಬರೀರಿ."

ಬರೆದೆ. ಡಿಸ್ಕ್, ಕೇಬಲ್, ಬೀಗ, ಸಹಿ, ಎಲ್ಲವೂ ನನ್ನವೇ ಎಂದು ಎರಡು ಪುಟ. ಆಮೇಲೆ ಬಾಗಲಗುಂಟೆಗೆ ಹೋದೆ. ಯಮನೂರಪ್ಪ ಬಾಗಿಲಲ್ಲಿ ಕೂತು ಚೀಲಕ್ಕೆ ಪಾತ್ರೆ ತುಂಬುತ್ತಿದ್ದ. ಇನ್ನೆರಡು ದಿನ ಬಿಟ್ಟಿದ್ದರೆ ಊರಿಗೆ ಹೊರಟುಬಿಡುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿ, ತಪ್ಪು ನನ್ನದು, ಸೋಮವಾರ ಕೆಲಸಕ್ಕೆ ಬಾ ಎಂದೆ. ನಾಚಿಕೆಯಿಂದ ಅವನ ಹೆಂಡತಿಯ ಮುಖ ನೋಡಲಾಗಲಿಲ್ಲ.

"ಬರ್ತೀನ್ರಿ" ಎಂದ ಯಮನೂರಪ್ಪ. "ಆದ್ರ ಇನ್ನ ಮ್ಯಾಲ ನಾ ಏನರ ಹೇಳಿದ್ರ ನೀವು ಬರಕೋಬೇಕ್ರಿ."

ಗ್ರಾಹಕರು ಆ ನಾಲ್ಕು ತಿಂಗಳ ಮಾಲನ್ನೆಲ್ಲ ತಡೆದು ಪರೀಕ್ಷಿಸಿದರು. ಕೆಟ್ಟದ್ದು ಆ ಒಂದೇ ಬುಟ್ಟಿ. ಅದರ ನೂರ ಎಂಬತ್ತು ಪಿನ್‌ಗಳಲ್ಲಿ ಮುರಿದದ್ದು ಒಂದು, ವಾಪಸ್ ಸಿಕ್ಕಿದ್ದು ನೂರ ಎಪ್ಪತ್ತನಾಲ್ಕು. ಉಳಿದ ಐದು ಯಾವ ಬಸ್ಸಿನಲ್ಲಿವೆ, ಯಾವ ರಸ್ತೆಯಲ್ಲಿವೆ ಎಂಬುದು ಇವತ್ತಿಗೂ ಗೊತ್ತಾಗಿಲ್ಲ.

ಈಗ ಸಣ್ಣ ಕಾರ್ಖಾನೆಯವರು ಡಿಸ್ಕ್ ಕೊಳ್ಳುವಾಗ ನನ್ನನ್ನು ಕೇಳುತ್ತಾರೆ. ಯಾವುದು ವೇಗ, ಯಾವುದು ಹೊಸದು ಎಂಬುದೇ ಅವರ ಪ್ರಶ್ನೆ. ಮನೆಯ ಮೇಜಿಗೆ ಗಿಡ್ಡ ಕೇಬಲ್ಲಿನ ಯುಎಸ್‌ಬಿ ಧಾರಾಳವಾಗಿ ಸಾಕು. ಯಂತ್ರಗಳ ನಡುವೆ, ದೂರಕ್ಕೆ, ನೆಟ್‌ವರ್ಕ್ ಕೇಬಲ್ಲೇ ಇರಲಿ, ಅದೂ ಪವರ್ ಕೇಬಲ್ಲುಗಳಿಂದ ದೂರವಿರಲಿ ಎನ್ನುತ್ತೇನೆ. ಆಮೇಲೆ ನಾನೂ ಒಂದು ಪ್ರಶ್ನೆ ಕೇಳುತ್ತೇನೆ: ಸಂಪರ್ಕ ಕಡಿದುಹೋದರೆ ಮೊದಲು ಯಾರ ಕಣ್ಣಿಗೆ ಬೀಳುತ್ತದೆ, ಆ ಮನುಷ್ಯನ ಮಾತು ನಿಮ್ಮಲ್ಲಿ ನಡೆಯುತ್ತದೆಯೇ?

ಹೇಳಿದಂತೆ ಆ ಸೋಮವಾರ ಯಮನೂರಪ್ಪ ಬಂದಿದ್ದ. ಕೆಲಸಕ್ಕೆ ಇಳಿಯುವ ಮೊದಲು ನನ್ನ ಮೇಜಿನೆದುರು ನಿಂತ. ನಾನು ಹೊಸ ನೋಟ್‌ಬುಕ್ ತೆರೆದು, ಹೇಳಪ್ಪ ಎಂದೆ.

"ಬರಕೊಳ್ರಿ ಸಾಹೇಬ್ರ. ಇಂಡಕ್ಷನ್ ಮುಂದ ನಿಂತಾವ್ಗ ಫರ್ನೇಸ್ ಬೆನ್ನಿಗಿ ಬರತೈತಿ. ಕಾಣಂಗಿಲ್ಲ. ಎರಡ್ ಮಷೀನಿಗಿ ಎರಡ್ ಮಂದಿ ಬೇಕು."

ಸೈರನ್ ಇದೆಯಲ್ಲ, ಎರಡಕ್ಕೂ ಒಬ್ಬನೇ ಸಾಕು ಎಂದು ಆದೇಶ ಮಾಡಿದವನು ನಾನು. ಏನನ್ನೂ ಮುಚ್ಚಿಟ್ಟಿಲ್ಲ ಎಂದು ಬೀಗುತ್ತಿದ್ದ ನನ್ನ ಎರಡು ಪುಟದ ವರದಿಯಲ್ಲಿ ಆ ಸಾಲೊಂದು ಇರಲಿಲ್ಲ. ಅವನು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡೆ, ಮಾಲೀಕರಿಗೆ ಫೋನ್ ಮಾಡಿದೆ, ವರದಿಯನ್ನು ಮೊದಲಿನಿಂದ ಬರೆಯಲು ಕೂತೆ.