ಮೂರೇ ಸಿಲಿಂಡರಿನ ಭಾನುವಾರಗಳು

ಅಥವಾ ಅವತ್ತು ಖಲೀಲನನ್ನು ಮೊದಲು ಕಾರು ಹತ್ತಿಸಿದವನು ನಾನೇ ಅಲ್ಲವೇನೋ. ನಾನೇ ಎಂದು ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಆ ಚಿತ್ರಕ್ಕೆ ಒಳ್ಳೆಯ ಹೊಳಪು ಬಂದಿದೆ, ಹೊಳಪು ಬಂದಷ್ಟೂ ನನಗೆ ಅನುಮಾನ ಹೆಚ್ಚುತ್ತದೆ. ಚಿತ್ರದಲ್ಲಿ ನಾನು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದೇನೆ, ಖಲೀಲ್ ಕಾರಿನ ಬಾಗಿಲು ಹಿಡಿದು ನಿಂತಿದ್ದಾನೆ, ದೂರದಲ್ಲಿ ಕುರಿಗಳು ಟಾರಿನ ಮೇಲಿಂದ ಏಳಲು ಒಲ್ಲೆ ಎನ್ನುತ್ತಿವೆ. ಆದರೆ ಇದನ್ನೆಲ್ಲ ನಾನು ಹೊರಗೆ ನಿಂತು ನೋಡುತ್ತಿದ್ದೇನೆ. ಹೆಲ್ಮೆಟ್ಟಿನೊಳಗೆ ಇದ್ದವನಿಗೆ ತನ್ನ ಹೆಲ್ಮೆಟ್ಟು ಹೇಗೆ ಕಂಡೀತು?

ಆದ್ದರಿಂದ ಖಾತ್ರಿ ಇರುವುದನ್ನು ಮೊದಲು ಹೇಳಿಬಿಡುತ್ತೇನೆ. ಚನ್ನಗಿರಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಹೊನ್ನಾಳಿಯಲ್ಲಿ ಖಲೀಲನದು ಹಾಸಿಗೆ ದಿಂಬಿನ ಅಂಗಡಿ. ಇಬ್ಬರಿಗೂ ಸೇರಿ ಒಂದು ಹಳೆಯ ಕೆಂಪು ಕಾರು ಇದೆ. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡ ಹೊಟ್ಟೆ, ಬಟ್ಟೆಯ ಚಾವಣಿ. ನ್ಯಾಮತಿಯ ರಸ್ತೆಯುಬ್ಬುಗಳನ್ನು ಅದು ನೇರವಾಗಿ ದಾಟಲಾರದು. ಅಡ್ಡಡ್ಡ ತಿರುಗಿಸಿ, ಒಂದೊಂದೇ ಚಕ್ರ ಎತ್ತಿಸಿ ದಾಟಿಸಬೇಕು. ಆ ಹೊತ್ತಿಗೆ ಚಹಾದಂಗಡಿಯ ಗಿರಾಕಿಗಳೆಲ್ಲ ಎದ್ದು ಬಂದು ಸಲಹೆ ಕೊಡುತ್ತಾರೆ. ನನ್ನ ಹೆಂಡತಿ ವಿಮಲಾ ಅದನ್ನು ಮೊದಲ ಸಲ ನೋಡಿದಾಗ, "ಇದ್ರಾಗೆ ಮದ್ವಿಗೆ ಹೋದ್ರೆ ಮುಯ್ಯಿ ಪಾತ್ರೆ ಎಲ್ಲಿಡಾದು?" ಎಂದು ಕೇಳಿದಳು.

ಇನ್ನೊಂದು ಖಾತ್ರಿ ಏನೆಂದರೆ, ಖಲೀಲ್ ಈ ಕಾರನ್ನು ಬಿಟ್ಟುಬಿಡುವುದರಲ್ಲಿದ್ದ. ಬೇಸರ ಬಂದು ಅಲ್ಲ. ತಾನು ಕೂತರೆ ಕಾರು ಕೆಡುತ್ತದೆ ಎಂದು ನಂಬಿದ್ದ. ಮನುಷ್ಯನಿಗೆ ಪೆಡಲು ಒತ್ತುವ ತನ್ನ ಕಾಲಿನ ಮೇಲೆಯೇ ನಂಬಿಕೆ ಹೋದರೆ ಅವನು ಕಾರನ್ನಷ್ಟೇ ಬಿಡುವುದಿಲ್ಲ, ಕಾರಿನ ನೆವದಲ್ಲಿ ಸಿಗುತ್ತಿದ್ದ ಗೆಳೆಯರನ್ನೂ ಬಿಡುತ್ತಾನೆ. ನನಗೆ ಇದ್ದ ಭಯ ಅದು.

ನಾವು ಓಡಿಸುವ ಜಾಗವನ್ನೂ ಹೇಳಬೇಕು. ಜಗಳೂರು ತಾಲ್ಲೂಕಿನಲ್ಲಿ, ಬಿಳಿಚೋಡಿನಿಂದ ಆಚೆ, ತಿಪ್ಪೇಸ್ವಾಮಿ ಎನ್ನುವವರು ತಮ್ಮ ಬೀಳುಭೂಮಿಯಲ್ಲಿ ಸುತ್ತಿ ಸುತ್ತಿ ಬರುವ ಟಾರು ರಸ್ತೆಯೊಂದನ್ನು ಹಾಕಿಸಿದ್ದಾರೆ. ಜಲ್ಲಿ ಕ್ವಾರಿ ಇಟ್ಟುಕೊಂಡವರಿಗೆ ಅದೇನು ದೊಡ್ಡದಲ್ಲ. ಎಲ್ಲಿಗೂ ಹೋಗದ ಈ ರಸ್ತೆಗೆ ಅವರು ಟ್ರ್ಯಾಕ್ ಎನ್ನುತ್ತಾರೆ, ಊರವರು ಹುಚ್ಚು ರೋಡು ಎನ್ನುತ್ತಾರೆ. ಭಾನುವಾರ ಬೆಳಿಗ್ಗೆ ಸುತ್ತಲಿನ ಕಾರುಮರುಳರು ಅಲ್ಲಿ ಸೇರುತ್ತೇವೆ. ಕುರಿಗಳಿಗೂ ಆ ಟಾರು ಇಷ್ಟ, ಬಿಸಿಲಿಗೆ ಬೆಚ್ಚಗಿರುತ್ತದೆ. ಅವನ್ನು ಎಬ್ಬಿಸಿದ ಮೇಲೆ ಒಬ್ಬೊಬ್ಬರಿಗೆ ಒಂದಿಷ್ಟು ಸುತ್ತು. ಕುರಿಗಳು ಮರಳಿ ಬರುವುದರೊಳಗೆ ಮುಗಿಸಬೇಕು.

ಅಲ್ಲಿ ನಾನು ಓಡಿಸಿದಾಗ ಕಾರು ಗಾಳಿಪಟ. ಖಲೀಲ್ ಕೂತು ಎರಡನೆಯ ತಿರುವು ದಾಟಿ ಆಕ್ಸಲರೇಟರು ಒತ್ತಿದರೆ ಕಾರಿಗೆ ಬಿಕ್ಕಳಿಕೆ. ನಾಲ್ಕು ಸಿಲಿಂಡರಿನಲ್ಲಿ ಒಂದು ಕೆಲಸ ಬಿಟ್ಟು, ಉಳಿದ ಮೂರು ಅದನ್ನು ಹೊತ್ತುಕೊಂಡು ಓಡುವ ಸದ್ದು. ಡರ್ ಡರ್ ಡರ್, ನಡುವೆ ಒಂದು ಖಾಲಿ. ಮೆಕ್ಯಾನಿಕ್ಕುಗಳು ಇದಕ್ಕೆ ಮಿಸ್ಸಿಂಗ್ ಎನ್ನುತ್ತಾರೆ.

ನನಗೆ ಇಂಥ ಕಡೆ ಹಳೆಯ ಅಲಂಕಾರಶಾಸ್ತ್ರ ನೆನಪಾಗುವ ಚಟ. ಕಾರಣಗಳೆಲ್ಲ ಇದ್ದೂ ಕಾರ್ಯ ನಡೆಯದಿದ್ದರೆ ಅದನ್ನು ವಿಶೇಷೋಕ್ತಿ ಎಂದು ಕರೆದಿದ್ದಾರೆ. ಪೆಟ್ರೋಲು ಇದೆ, ಗಾಳಿ ಇದೆ, ಪ್ಲಗ್ಗೂ ಇದೆ. ಬೆಂಕಿ ಮಾತ್ರ ಇಲ್ಲ. ಈ ವಿಷಯವನ್ನು ಖಲೀಲನಿಗೆ ವಿವರಿಸಿದಾಗ ಅವನು ತುಂಬ ಗೌರವದಿಂದ ಕೇಳಿಸಿಕೊಂಡು, "ಅದಕ್ಕೆ ಔಷಧ ಏನ್ ಬರ್ದಾರೆ ಅಣ್ಣ?" ಎಂದ. ಅಲಂಕಾರಶಾಸ್ತ್ರ ಅಲ್ಲಿಗೆ ನಿಂತಿತು.

ತಿಪ್ಪೇಸ್ವಾಮಿ ಬಾಯಿ ಸುಮ್ಮನಿರುವ ಆಸಾಮಿ ಅಲ್ಲ. "ಏನ್ರೀ ಖಲೀಲ್ ಸಾಹೇಬ್ರೆ, ಹಾಸಿಗಿ ಅಂಗಡಿಯೋರು ಕುಂತ್ರು ಅಂತ ಕಾರಿಗೂ ನಿದ್ದಿ ಬರ್ತೈತಲ್ರೀ!" ಎಂದು ಕೂಗುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಖಲೀಲನೂ. ಮೊದಮೊದಲು ಅವನ ನಗೆಯೇ ಎಲ್ಲರಿಗಿಂತ ಜೋರಾಗಿರುತ್ತಿತ್ತು.

ನ್ಯಾಮತಿಯಲ್ಲಿ ನಮಗೆ ಗೊತ್ತಿದ್ದ ಮೆಕ್ಯಾನಿಕ್ಕು ಬಸಣ್ಣ. ಉತ್ಸಾಹಿ. ಯಾವ ಕಾಯಿಲೆಗೂ ಅವನ ಬಳಿ ಮೊದಲು ನಂಬಿಕೆ ಇರುತ್ತದೆ, ಆಮೇಲೆ ಪರೀಕ್ಷೆ. ಪೆಟ್ರೋಲಿನಲ್ಲಿ ನೀರು ಸೇರಿದೆ ಎಂದು ಟ್ಯಾಂಕು ಖಾಲಿ ಮಾಡಿಸಿದ. ಪ್ಲಗ್ಗು ಬದಲಿಸಿದ. ಇಂಜಿನ್ನಿನ ದೋಷ ಓದುವ ಸ್ಕ್ಯಾನರ್ ಚುಚ್ಚಿದರೆ, ಮಿಸ್ಸಿಂಗ್ ಆಗಿದ್ದು ನಿಜ ಎಂದು ಅದೂ ಹೇಳಿತು, ಯಾವ ಸಿಲಿಂಡರಿನದು ಎಂದು ಮಾತ್ರ ಹೇಳಲಿಲ್ಲ. ಸವಳಂಗದವರೆಗೆ ಓಡಿಸಿಕೊಂಡು ಹೋಗಿ ಬಂದ. ಒಂದು ಬಿಕ್ಕಳಿಕೆಯೂ ಇಲ್ಲ. ಡಾಕ್ಟರ ಬಾಗಿಲಲ್ಲಿ ಜ್ವರ ಇಳಿದುಬಿಡುವ ಮಕ್ಕಳ ಹಾಗೆ ಕಾರು ಮಿಂಚುತ್ತ ನಿಂತಿತ್ತು.

"ನನ್ ಮುಂದೆ ಭಾಳ ಸಭ್ಯಸ್ಥ ಐತ್ರೀ ಇದು. ಯಾರು ಓಡ್ಸಿದ್ರೆ ಹಿಂಗೆ ಮಾಡ್ತೈತೆ?"

"ನಾನು," ಎಂದ ಖಲೀಲ್.

"ಇವ್ರು ಓಡ್ಸಿದ್ರೆ?"

"ಅಣ್ಣಂಗೆ ಏನೂ ಮಾಡಲ್ಲ."

ಬಸಣ್ಣ ಕೈ ಒರೆಸಿಕೊಂಡು, "ಹಂಗಾದ್ರೆ ಪಾರ್ಟ್ಸು ಬ್ಯಾಡ ಬಿಡ್ರಿ, ನಿಮ್ ಬಲಗಾಲು ಬದ್ಲಾಯಿಸಾಕೆ ಎಷ್ಟಾಗ್ತೈತೆ ವಿಚಾರಿಸ್ತೀನಿ" ಎಂದ. ಒಳ್ಳೆಯ ತಮಾಷೆಯೇ. ಆದರೆ ಅವತ್ತು ಖಲೀಲನ ನಗೆ ಅರ್ಧಕ್ಕೇ ನಿಂತಿತು. ಹೊನ್ನಾಳಿಗೆ ಹೋಗಿ ತುಂಗಭದ್ರೆಯ ಸೇತುವೆ ದಾಟುವಾಗ, ನೀರಿನ ಕಡೆ ನೋಡುತ್ತ ಹೇಳಿದ: "ಅಣ್ಣ, ನೀವೇ ಇಟ್ಕಳ್ರಿ ಕಾರು. ನನ್ನ ಕೈಯಾಗೆ ಅದು ಸಾಯ್ತೈತೆ. ನೋಡಾಕೆ ಆಗಲ್ಲ ನಂಗೆ."

"ಹುಚ್ಚನಂಗೆ ಮಾತಾಡ್ಬ್ಯಾಡ" ಎಂದೆ. ಸಮಾಧಾನ ಮಾಡುವ ಕಲೆ ನನಗೆ ಅಷ್ಟೇ ಬರುವುದು.

ಈಗ ನಾನು ಅನುಮಾನಪಡುವ ಭಾನುವಾರಕ್ಕೆ ಬರುತ್ತೇನೆ. ಖಲೀಲ್ ಸುಮ್ಮನೆ ಜೊತೆಗೆ ಬಂದಿದ್ದ. ಓಡಿಸುವುದಿಲ್ಲ ಎಂದು ಶರತ್ತು ಹಾಕಿಯೇ ಬಂದಿದ್ದ. ನನ್ನ ಸರದಿ ಬಂತು. ಅಷ್ಟರಲ್ಲಿ ಕತ್ತಲಗೆರೆಯಿಂದ ನಮ್ಮ ದೊಡ್ಡಮ್ಮನ ಫೋನು. ದೊಡ್ಡಮ್ಮನ ಫೋನನ್ನು ಕತ್ತರಿಸುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ. ಯಾರಿಗೆ ಮಂಡಿ ನೋವು, ಯಾರ ಮನೆಗೆ ಯಾರು ಬಂದು ಊಟ ಮಾಡದೆ ಹೋದರು, ಒಂದೊಂದನ್ನೂ ಬುಡದಿಂದ ಹೇಳುತ್ತಾಳೆ. ನಾನು ಹೂಂ ಎನ್ನುತ್ತ ಜಾಲಿ ಮರದ ನೆರಳಿಗೆ ಹೋದೆ.

"ಯಾರಾದ್ರೂ ಹತ್ರೀ! ಕುರಿ ಬರ್ತಾ ಅವೆ!" ತಿಪ್ಪೇಸ್ವಾಮಿ ಕೂಗಿದರು.

ನಾನು ಫೋನಿನ ಮೇಲೆ ಕೈಯಿಟ್ಟು ಖಲೀಲನಿಗೆ ಸನ್ನೆ ಮಾಡಿದೆ. ಅವನು ಒಲ್ಲೆ ಎಂದು ತಲೆಯಾಡಿಸಿದ. ಮತ್ತೆ ಸನ್ನೆ ಮಾಡಿದೆ. "ಸ್ಟಾರ್ಟ್ ಮಾಡಿ ಒಂದ್ ಸುತ್ತು ಬಾರಪ್ಪ, ನಿದ್ದಿ ಬಂದ್ರೆ ಅಲ್ಲೇ ಮಲಿಕ್ಕೋ" ಎಂದು ತಿಪ್ಪೇಸ್ವಾಮಿ ಕೆಣಕಿದರು. ಖಲೀಲ್ ಹೆಲ್ಮೆಟ್ಟು ಕಿತ್ತುಕೊಂಡು ಕೂತ.

ಕಾರು ಹಾಡಿತು. ನಾಲ್ಕೂ ಸಿಲಿಂಡರು. ಎರಡನೆಯ ತಿರುವು ದಾಟಿ ಅವನು ಒತ್ತಿದ ಸದ್ದಿಗೆ ದೊಡ್ಡಮ್ಮ ಕೂಡ ಮಾತು ನಿಲ್ಲಿಸಿ, "ಅದೇನೋ ಅದು, ಎಲ್ಲಿ ಅದೀಯೋ?" ಎಂದಳು. ಖಲೀಲ್ ಸುತ್ತಿದ, ಮತ್ತೆ ಸುತ್ತಿದ. ಇಳಿದಾಗ ಅವನಿಗೆ ನಗು ಬರಲಿಲ್ಲ. ಯಾರೋ ಮೋಸ ಮಾಡುತ್ತಿದ್ದಾರೆ ಎನ್ನುವಂತೆ ಕಾರನ್ನೇ ನೋಡುತ್ತ ನಿಂತ. ಆಮೇಲೆ ನಾನು ಹತ್ತಿದೆ. ಎರಡನೆಯ ತಿರುವು ದಾಟಿ ಒತ್ತಿದೆ. ಡರ್ ಡರ್ ಡರ್, ಖಾಲಿ.

ಆ ಬಿಕ್ಕಳಿಕೆಯಷ್ಟು ಸಂತೋಷ ನನಗೆ ಯಾವ ವೇಗವೂ ಕೊಟ್ಟಿಲ್ಲ.

ಎರಡನೆಯವನಾಗಿ ಹತ್ತಿದವನಿಗೇ ಕಾರು ಬಿಕ್ಕುತ್ತದೆ ಎಂಬುದು ಇಷ್ಟು ದಿನ ನಮಗೆ ಏಕೆ ಹೊಳೆಯಲಿಲ್ಲ ಎಂದರೆ, ನಮ್ಮ ಮರ್ಯಾದೆ ಅಡ್ಡ ಬಂದಿತ್ತು. ಖಲೀಲ್ ನನಗಿಂತ ಚಿಕ್ಕವನು. ಬಾಗಿಲು ದಾಟುವಾಗ, ಊಟಕ್ಕೆ ಕೂರುವಾಗ, ಚಹಾ ಎತ್ತಿಕೊಳ್ಳುವಾಗ ಅವನು ನನಗಿಂತ ಮುಂದಾದವನಲ್ಲ. "ಮೊದ್ಲು ನೀವು ಅಣ್ಣ" ಎನ್ನುವುದು ಅವನಿಗೆ ಉಸಿರಾಟದಷ್ಟು ಸಲೀಸು. ನಾನೂ ಹಿರಿಯರು ಇರುವ ಕಡೆ ಹಾಗೆಯೇ ಬೆಳೆದವನು, ಕಿರಿಯರು ಇರುವ ಕಡೆ ಅದರ ಲಾಭ ಪಡೆದವನು. ಹಾಗಾಗಿ ಪ್ರತಿ ಭಾನುವಾರ ತಣ್ಣಗಿನ ಕಾರು ನನಗೆ, ಕಾದ ಕಾರು ಅವನಿಗೆ. ಕೆಟ್ಟಿದ್ದು ಬಿಸಿಗೆ ಮಾತ್ರ ಕೆಡುವ ಭಾಗ. ರಸ್ತೆಯ ಬಿಸಿ ಅದಕ್ಕೆ ಸಾಲದು, ಟ್ರ್ಯಾಕಿನ ಬಿಸಿಯೇ ಬೇಕು. ಒಬ್ಬರನ್ನೊಬ್ಬರು ತಳ್ಳಿಕೊಂಡು ಹತ್ತುವ ಒರಟರಾಗಿದ್ದರೆ ಎರಡನೆಯ ವಾರವೇ ಗೊತ್ತಾಗಿಬಿಡುತ್ತಿತ್ತು.

ಈ ಕಥೆ ಹೇಳುವಾಗಲೆಲ್ಲ ಜನ ತಲೆದೂಗುತ್ತಾರೆ. ಅದೇ ನನಗೆ ಕಸಿವಿಸಿ. ಖಲೀಲನನ್ನು ಕೇಳಿದರೆ, ಫೋನೂ ಇಲ್ಲ ಏನೂ ಇಲ್ಲ, "ನಾನೇ ಹಟ ಹಿಡ್ದು ಮೊದ್ಲು ಕುಂತೆ" ಎನ್ನುತ್ತಾನೆ. ವಿಮಲಾ, ದೊಡ್ಡಮ್ಮನ ಫೋನು ಆ ವಾರವೆಲ್ಲ ರಿಪೇರಿಯಲ್ಲಿತ್ತು ಎನ್ನುತ್ತಾಳೆ. ದೊಡ್ಡಮ್ಮನೋ, ತಾನು ಫೋನು ಮಾಡಿದ್ದು ನಿಜ, ಆದರೆ ಎತ್ತಿದವನು ನಾನಲ್ಲ, ನನ್ನ ತಮ್ಮ ಎನ್ನುತ್ತಾಳೆ. ನಾನು ಅಷ್ಟೊಂದು ಮಂಡಿಗಳ ವಿಚಾರ ಕೇಳಿಸಿಕೊಂಡಿದ್ದು ಹಾಗಾದರೆ ಯಾರ ಕಿವಿಯಿಂದ?

ಮುಂದಿನದಕ್ಕೆ ಸಾಕ್ಷಿಗಳಿದ್ದಾರೆ. ಬಿಸಿ ಎಂದ ಮೇಲೆ ಬಸಣ್ಣ ಕಾಯಿಲ್ ಎಂದ. ಈ ಸಲ ಅವನ ನಂಬಿಕೆ ಸರಿಯಾದ ಕಡೆ ಬಿತ್ತು. ನಮ್ಮ ಕಾರಿನಲ್ಲಿ ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್ ಕೂತಿರುತ್ತದೆ. ಒಳಗೆ ಕೂದಲಿನಷ್ಟು ಸಣ್ಣ ತಂತಿಯ ಸುತ್ತುಗಳು. ಬ್ಯಾಟರಿಯ ಬಡ ಕರೆಂಟನ್ನು ಕಿಡಿ ಹಾರುವಷ್ಟು ಉಬ್ಬಿಸಿ ಪ್ಲಗ್ಗಿಗೆ ಕೊಡುವುದು ಅದರ ಕೆಲಸ. ಹೊದಿಕೆಯಲ್ಲಿ ಎಲ್ಲೋ ಬಿರುಕಿದ್ದರೆ ತಣ್ಣಗಿರುವಾಗ ಮುಚ್ಚಿಕೊಂಡಿರುತ್ತದೆ, ಕಾದಾಗ ಬಾಯಿ ಬಿಡುತ್ತದೆ. ಆಗ ಕರೆಂಟು ಪ್ಲಗ್ಗಿಗೆ ಹೋಗದೆ ಅಡ್ಡದಾರಿಯಲ್ಲಿ ಸೋರಿಹೋಗುತ್ತದೆ. ನಾಲ್ಕರಲ್ಲಿ ಯಾವುದು ಎಂಬುದೇ ಪ್ರಶ್ನೆ.

"ಬಿಸಿ ಮಾಡಾಕೆ ಬಿಳಿಚೋಡಿಗೇ ಹೋಗ್ಬೇಕೇನ್ರೀ?" ಎಂದು ಬಸಣ್ಣ ತಲೆ ಕೆರೆದುಕೊಂಡ.

ಬೇಕಿರಲಿಲ್ಲ. ಕನ್ನಡಕದ ಫ್ರೇಮು ಬಗ್ಗಿಸುವುದಕ್ಕೆ ನನ್ನ ಅಂಗಡಿಯಲ್ಲಿ ಬಿಸಿಗಾಳಿ ಊದುವ ಪುಟ್ಟ ಯಂತ್ರ ಇದೆ. ಕಾರನ್ನು ಅಂಗಡಿಯ ಮುಂದೆಯೇ ನಿಲ್ಲಿಸಿದೆವು. ಬಸಣ್ಣ ಒಂದು ಕಾಯಿಲ್ ಬಿಚ್ಚಿ ಕೊಡುವುದು, ನಾನು ಅದನ್ನು ಫ್ರೇಮಿನಂತೆ ತಿರುಗಿಸಿ ತಿರುಗಿಸಿ ಕಾಯಿಸುವುದು, ಖಲೀಲ್ ಬಟ್ಟೆಯಲ್ಲಿ ಸುತ್ತಿಕೊಂಡು ಓಡುವುದು. ಕಣ್ಣು ತೋರಿಸಲು ಬಂದಿದ್ದ ಹೆಂಗಸೊಬ್ಬರು ಬೆಂಚಿನ ಮೇಲೆ ಕೂತು, "ಇದು ಯಾವ ನಮೂನಿ ಕನ್ನಡ್ಕಾನಪ್ಪ?" ಎಂದರು. ಮೊದಲಿನದು ಸರಿ ಇತ್ತು. ಎರಡನೆಯದೂ ಸರಿ. ಮೂರನೆಯದನ್ನು ಹಾಕಿ ಬಸಣ್ಣ ಇಂಜಿನ್ ಏರಿಸಿದ. ಕಾರು ಮೈ ಕೊಡವಿತು. ಡರ್ ಡರ್ ಡರ್. ಬಸಣ್ಣ ಅದೇ ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಬದಲಿಸಿ ಹಾಕಿದ. ಬಿಕ್ಕಳಿಕೆಯೂ ಅದರ ಹಿಂದೆಯೇ ಹೋಯಿತು.

ಖಲೀಲ್ ಬೀದಿಯಲ್ಲಿ ನಿಂತು ತನ್ನ ಬಲಗಾಲನ್ನು ಒಮ್ಮೆ ನೋಡಿಕೊಂಡ. ನಿಜವಾಗಿ ನೋಡಿಕೊಂಡ. "ಬಸಣ್ಣ, ಕಾಲು ವಿಚಾರಿಸಾದು ಬ್ಯಾಡ ಬಿಡ್ರಿ" ಎಂದ. ಬಸಣ್ಣ ನಾಲಗೆ ಕಚ್ಚಿಕೊಂಡ. ಬೆಂಚಿನ ಮೇಲಿದ್ದ ಹೆಂಗಸು, ನಾವು ಮೂವರೂ ನಗುವುದನ್ನು ನೋಡಿ, ಈ ಅಂಗಡಿಯಲ್ಲಿ ಕಣ್ಣು ತೋರಿಸಬಹುದೇ ಬೇಡವೇ ಎಂದು ಯೋಚಿಸುತ್ತಿದ್ದಂತೆ ಕಂಡಿತು.

ಹೊಸ ಕಾಯಿಲ್ ಬಂದ ಮೇಲಿನ ಭಾನುವಾರ ನಾನು ದೊಡ್ಡ ಮನಸ್ಸು ಮಾಡಿ "ಮೊದಲು ನೀನು" ಎಂದೆ. ಖಲೀಲ್ ಕೇಳಬೇಕಲ್ಲ. "ಅದು ಕಾಯಿಲಿನ ಮಾತಾಯ್ತು, ನೀವು ಹಿರೇರು, ಹತ್ರಿ" ಎಂದು ನನ್ನನ್ನೇ ತಳ್ಳಿದ. ನಾನು ಕಾರನ್ನು ಚೆನ್ನಾಗಿ ಕಾಯಿಸಿ ಕೊಟ್ಟೆ. ಅವನು ಹೋದ. ತಿಪ್ಪೇಸ್ವಾಮಿ ಕೂಗಲು ಬಾಯಿ ತೆರೆದವರು ಹಾಗೆಯೇ ಮುಚ್ಚಿದರು. ಖಲೀಲ್ ಸುತ್ತಿದ, ಕುರಿ ಬರುವವರೆಗೂ ಸುತ್ತಿದ. ಇಳಿದಾಗ ಹೆಲ್ಮೆಟ್ಟಿನ ಗೆರೆ ಹಣೆಯ ಮೇಲೆ ಕೆಂಪಗೆ ಮೂಡಿತ್ತು, ಬೆವರು ಹುಬ್ಬಿನಿಂದ ತೊಟ್ಟಿಕ್ಕುತ್ತಿತ್ತು. ನಾವಿಬ್ಬರೂ ಕಾರಿನ ಹಿಂದೆ ನೆರಳಿನಲ್ಲಿ ಕಾಲು ಚಾಚಿ ಕೂತೆವು. ಇಂಜಿನ್ನು ಆರುವ ಟಿಕ್ ಟಿಕ್ ಕೇಳಿಸುತ್ತಿತ್ತು. ಇಷ್ಟಕ್ಕಿಂತ ಹೆಚ್ಚಿನದು ನನಗೆ ಬೇಕಿರಲಿಲ್ಲ.

"ಅಣ್ಣ," ಎಂದ ಅವನು, "ಮೊದ್ಲಿಂದ್ಲೂ ಅದು ಕಾಯಿಲೇನಾ? ಎಲ್ಲಾ ಸಲಾನೂ?"

ಕಾರು ಕೊಂಡ ಹೊಸತು, ಗೇರು ಇನ್ನೂ ಅವನ ಕೈಗೆ ಹತ್ತದ ಆ ಮೊದಲ ಕೆಲವು ಭಾನುವಾರಗಳನ್ನು ನೆನೆಸಿಕೊಳ್ಳಲು ನೋಡಿದೆ. ಕಾರು ಜಗ್ಗಿದ್ದು ಕಣ್ಣಿಗೆ ಬರುತ್ತದೆ, ಯಾಕೆ ಜಗ್ಗಿತು ಎಂಬುದು ಬರುವುದಿಲ್ಲ. ಕಾಯಿಲ್ ಯಾವತ್ತು ಬಿರುಕು ಬಿಟ್ಟಿತು ಎಂದು ಬಸಣ್ಣನಿಗೂ ಹೇಳಲಾಗುವುದಿಲ್ಲ.

"ಎಲ್ಲಾ ಸಲಾನೂ" ಎಂದೆ.

ನನಗೆ ಗೊತ್ತಿಲ್ಲ.