ಅತ್ತೆ ಕೊಟ್ಟ ಉತ್ತರ

“ನಿದ್ದಿ ಛಲೋ ಬರ್ತದೇನವಾ?” ಎಂದು ಮೊಬೈಲಿನಲ್ಲಿದ್ದ ಮನಸ್ಸಿನ ಆರೋಗ್ಯದ ಪ್ರಶ್ನೆಗಳನ್ನು ನೋಡುತ್ತ ನಾನು ಕೇಳಿದ್ದು, ಕೂಸಿಗೆ ಹಾಲುಣಿಸುತ್ತಿದ್ದ ಸೊಸೆಯನ್ನು. “ಎಲ್ಲೀ ನಿದ್ದಿರೀ!” ಎಂದವರು ಹೊಸ್ತಿಲಲ್ಲಿ ಉಣ್ಣೆ ಹಿಂಜುತ್ತಿದ್ದ ಅತ್ತೆ.

ನಾನು ಮಿರಜ ಹತ್ತಿರದ ಖಂಡೇರಾಜುರಿ ಊರಿನ ಆಶಾ ಕಾರ್ಯಕರ್ತೆ. ಸೊಸೆಯನ್ನು ಕೇಳಿದ್ದಕ್ಕೆ ಅತ್ತೆ ಉತ್ತರಿಸುವುದು ನಮ್ಮ ಮನೆಗಳ ರೂಢಿ. ಊಟ ಸೇರುವುದಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ ಎಂದು ಅವರು ಹೇಳಿದ್ದನ್ನೆಲ್ಲ ಸೊಸೆಯ ಹೆಸರಿನಲ್ಲೇ ಮೊಬೈಲಿನಲ್ಲಿ ಒತ್ತುತ್ತ ಹೋದೆ. ತಪ್ಪು ನನ್ನದೇ. ಕೊನೆಗೆ ಸೊಸೆಯೇ ಗಾಬರಿಯಾಗಿ, “ಅತ್ತಿ, ನಾ ಆರಾಮ ಅದೀನಲ್ರಿ” ಎಂದಳು.

ಅತ್ತೆಯ ಕೈ ನಿಂತಿತು. “ಇದೆಲ್ಲಾ ನನ್ನ ತ್ರಾಸರೀ, ಬಾಯಾರ. ನನ್ನ ಯಾರೂ ಕೇಳಿಲ್ಲ,” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಅವರ ಹೆಸರಿನಲ್ಲಿ ಹೊಸ ಪುಟ ತೆರೆದು ಮೊದಲಿನಿಂದ ಕೇಳಿದೆ. ಆ ಉತ್ತರಗಳನ್ನು ತಮ್ಮ ಮೊಬೈಲಿನಲ್ಲಿ ಓದಿದ ಆರೋಗ್ಯ ಕೇಂದ್ರದ ಡಾಕ್ಟರು ಮರುದಿನವೇ ಅತ್ತೆಯನ್ನು ಕರೆಸಿಕೊಂಡರು. ಮಿರಜಿಗೆ ಅಲೆಯದೆ ಇಲ್ಲೇ ಚಿಕಿತ್ಸೆ ಸಿಕ್ಕಿತು.

ಈಗ ನಾನು ಆ ಓಣಿಗೆ ಹೋದರೆ ಹೆಂಗಸರನ್ನು ಕೂಗಿ ಕರೆಯುವವರು ಆ ಅತ್ತೆಯೇ. ಸೊಸೆಯಂದಿರನ್ನು ನನ್ನ ಮುಂದೆ ಕೂರಿಸಿ, ಅತ್ತೆಯರನ್ನು ಎಬ್ಬಿಸಿ ಹೊರಗೆ ಕರೆದೊಯ್ಯುತ್ತಾರೆ. ಆಗ ಅವರು ಹೇಳುವ ಮಾತಿಗೆ ಪ್ರತಿಸಲ ನನ್ನ ಎದೆ ಉಬ್ಬುತ್ತದೆ: “ನಡೀರಿ, ನಮ್ಮ ಪಾಳಿ ಆಮ್ಯಾಲ ಐತಿ.”