ಏನರೆ ಕಂಪನಿಯ ಅಂಗಿ

ನನ್ನ ಕಪಾಟಿನಲ್ಲಿರುವ ಒಳ್ಳೆಯ ಅಂಗಿಗಳೆಲ್ಲ ಒಂದೇ ಕಂಪನಿಯವು. ಕಂಪನಿಯ ಹೆಸರು ‘ಏನರೆ’. ನಮ್ಮ ಕಡೆಯ ಮಾತು ಗೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ, ಏನರೆ ಅಂದರೆ ಏನಾದರೂ. ರಾತ್ರಿ ಊಟಕ್ಕೆ ಏನು ಮಾಡಲಿ ಎಂದು ಮನೆಯಲ್ಲಿ ಕೇಳಿದರೆ ‘ಏನರೆ ಮಾಡು’ ಎನ್ನುತ್ತೇವಲ್ಲ, ಅದೇ ಏನರೆ. ಈ ಒಂದು ಶಬ್ದದಿಂದ ನನ್ನ ಮದುವೆ ಇನ್ನೇನು ಮುರಿದುಬೀಳುವುದರಲ್ಲಿತ್ತು.

ನಾನು ಜಮಖಂಡಿಯ ಹೈಸ್ಕೂಲೊಂದರಲ್ಲಿ ಮಾಸ್ತರ. ದೊಡ್ಡ ಶೋರೂಮಿನ ಅಂಗಿ ನನಗೆ ಆಗಿಬರುವುದಿಲ್ಲ. ಭುಜಕ್ಕೆ ಸರಿಯಾದದ್ದು ಹೊಟ್ಟೆಗೆ ಸಾಲುವುದಿಲ್ಲ, ಹೊಟ್ಟೆಗೆ ಸಾಲುವುದರ ತೋಳು ಬೆರಳಿನ ತುದಿಗೆ ಬರುತ್ತದೆ. ಅಲ್ಲಿ ನಿಂತವರು ಮತ್ತೆ ‘ಸ್ಲಿಮ್ ಫಿಟ್ ಸರ್’ ಅನ್ನುತ್ತಾರೆ. ಎದುರಿಗೆ ನಿಂತ ಮನುಷ್ಯನನ್ನು ಕಣ್ಣು ತೆರೆದು ನೋಡಬಾರದೇ? ಅದಕ್ಕೇ ನನಗೆ ಸಣ್ಣ ಸಣ್ಣ ಕಸುಬಿನವರ ಮೇಲೆ ಪ್ರೀತಿ. ಮುಧೋಳದಲ್ಲಿ ಬೆಲ್ಟು ಮಾಡುವವರೊಬ್ಬರಿದ್ದಾರೆ. ಗಿರಾಕಿಯ ಹೊಟ್ಟೆಯನ್ನು ಒಮ್ಮೆ ನೋಡಿ, ತಾವಾಗಿಯೇ ಒಂದು ತೂತು ಹೆಚ್ಚಿಗೆ ಹೊಡೆದು, “ಇದು ಹೋಳಿಗಿ ದಿನಕ್ಕ ರೀ” ಎನ್ನುತ್ತಾರೆ. ಇಂಥ ವಿಚಾರ ಯಾವ ಶೋರೂಮಿಗೆ ಹೊಳೆಯುತ್ತದೆ ಹೇಳಿ.

ನನ್ನ ಅಂಗಿ ಹೊಲಿಯುವ ಟೇಲರ್ ಕಾಕಾನ ಅಂಗಡಿ ರಬಕವಿಗೂ ಬನಹಟ್ಟಿಗೂ ನಡುವೆ ಇದೆ. ಹೊಲಿಗೆ ಚೆಂದಾದರೆ ಎರಡೂ ಊರಿನವರು ‘ನಮ್ಮೂರಾಂವ’ ಎನ್ನುತ್ತಾರೆ. ಹೇಳಿದ ದಿನ ಬಟ್ಟೆ ಸಿಗದಿದ್ದರೆ ‘ಅಂವ ಆ ಊರಾಂವ’ ಎಂದು ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಕಾಕಾ ಅಲ್ಲಿಯ ಮಗ್ಗಗಳಿಂದಲೇ ಅರಿವೆ ತಂದು ಅಂಗಿ ಹೊಲಿಯುತ್ತಾನೆ, ಉಳಿದ ತುಂಡುಗಳಲ್ಲಿ ಟೊಪ್ಪಿಗೆ, ಕರವಸ್ತ್ರ, ಹೆಗಲಿಗೆ ಹಾಕುವ ಚೀಲ ಮಾಡುತ್ತಾನೆ. ತನ್ನ ಕೆಲಸದ ಬಗ್ಗೆ ಅವನಿಗೆ ಸಂಕೋಚವೆಂಬುದು ಎಳ್ಳಷ್ಟೂ ಇಲ್ಲ. “ಸರ, ಈ ಕಾಲರ್ ನೋಡ್ರಿ. ನೀವು ಬಾಗಿದ್ರೂ ಇದು ಬಾಗೂದಿಲ್ಲ” ಎಂದು ಎದೆ ತಟ್ಟಿಕೊಳ್ಳುತ್ತಾನೆ.

ಇಷ್ಟು ಹೆಮ್ಮೆಯ ಮನುಷ್ಯನಿಗೆ ತನ್ನ ಅಂಗಿಗೊಂದು ಹೆಸರು ಬೇಡವೇ? ಬೇಕು ಅಂತ ಆತು. ಆಮೇಲೆ ಮನೆಯಲ್ಲಿ ಜಗಳ ಶುರುವಾಯಿತು. ಹೆಂಡತಿ ಮನೆದೇವರ ಹೆಸರು ಇಡು ಅಂದಳು. ಅವನ ತಾಯಿ, ತೀರಿಹೋದ ತನ್ನ ಮಾವನ ಹೆಸರು ಇಡು ಅಂದಳು. ಕಾಕಾನಿಗೆ ‘ರಾಯಲ್’ ಎಂಬ ಶಬ್ದದ ಮೇಲೆ ಕಣ್ಣಿತ್ತು. ಜಗಳ ಮುಗಿಯುವ ಮೊದಲೇ, ಲೇಬಲ್ ನೇಯ್ದು ಕೊಡುವ ಸೊಲ್ಲಾಪುರದವನ ಫೋನು ಬಂತು. ಹಿಂದೆ ಪವರ್‌ಲೂಮಿನ ಖಟಖಟ, ಕಾಕಾನ ಬಾಯಲ್ಲಿ ಗುಂಡುಪಿನ್ನು. ಆತ “ಹೆಸರು ಏನ ಹಾಕ್ಲಿ?” ಎಂದು ಕಿರುಚಿದ. ಕಾಕಾ ತಲೆಕೆಟ್ಟು “ಏನರೆ ಹಾಕಪಾ ಮಾರಾಯಾ!” ಎಂದು ತಾನೂ ಕಿರುಚಿದ.

ಆತ ಹಾಕಿದ. ಬಿಳಿ ಪಟ್ಟಿಯ ಮೇಲೆ ಕೆಂಪು ನೂಲಿನಲ್ಲಿ, ಮುತ್ತಿನಂಥ ಅಕ್ಷರಗಳಲ್ಲಿ ‘ಏನರೆ’ ಎಂದು ನೇಯ್ದ ಲೇಬಲ್ಲುಗಳ ಗಂಟು ಬಂದಿಳಿಯಿತು. ಕಾಕಾ ಒಂದು ದಿನ ಊಟ ಬಿಟ್ಟ. ಮರುದಿನ ನಾನು ಹೋಗಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕು, “ಕಾಕಾ, ಇದಕ್ಕಿಂತ ಛಲೋ ಹೆಸರು ನಿನ್ನ ಅಪ್ಪನ ಕಡೆಯಿಂದನೂ ಇಡಾಕ ಆಗತಿರಲಿಲ್ಲ, ಹಚ್ಚು” ಎಂದೆ. ಅವನು ಹಚ್ಚಿದ. ಆದರೆ ಎಲ್ಲರಂತೆ ಕುತ್ತಿಗೆಗೆ ಹಚ್ಚಲಿಲ್ಲ. “ಕುತ್ತಿಗಿಗೆ ಕಟ್ಟೂದು ಎಮ್ಮಿಗೆ ಗಂಟಿ. ಮನಷಾಗ ಹೆಸರು ಎದಿ ಹಂತೇಕ ಇರಬೇಕು” ಎಂದು ಅಂಗಿಯ ಒಳಮೈಗೆ, ಎಡಗಡೆ ಎದೆಯ ಹತ್ತಿರ ಹಚ್ಚಿದ. ಅಂಗಿಯ ಗುಂಡಿ ಬಿಚ್ಚದೆ ಅದು ಯಾರಿಗೂ ಕಾಣುವುದಿಲ್ಲ. ಈ ಮಾತು ನೆನಪಿರಲಿ.

ನನಗೆ ಆಗ ಹೆಣ್ಣು ನೋಡುವ ಕಾಲ. ಕಾಲ ಎಂದರೆ ಸುಗ್ಗಿಯಲ್ಲ, ಸುಗ್ಗಿ ಮುಗಿದು ಕಣ ಗುಡಿಸುವ ಕಾಲ. ನಾನು ನೋಡಿ ಬಂದ ಹೆಣ್ಣುಮಕ್ಕಳ ಮಕ್ಕಳು ನನ್ನ ಕ್ಲಾಸಿಗೆ ಬಂದು ಕೂರುವುದರೊಳಗೆ ಮದುವೆಯಾಗು ಎಂದು ಅಕ್ಕ ಹಲ್ಲು ಕಡಿಯುತ್ತಿದ್ದಳು. ತಂದೆತಾಯಿ ಇಲ್ಲದ ನನಗೆ ಹಿರಿಯಳೆಂದರೆ ಅವಳೇ. ಮುಧೋಳದ ಕಡೆ, ಲೋಕಾಪುರದ ಹತ್ತಿರದ ಊರಿನ ಸಂಬಂಧ ತಂದವಳೂ ಅವಳೇ. ಹುಡುಗಿ ಜಮಖಂಡಿ ಕೋರ್ಟಿನಲ್ಲಿ ವಕೀಲಿ ಮಾಡುತ್ತಾಳೆ, ತಂದೆ ಕಬ್ಬಿನ ದೊಡ್ಡ ಕುಳ, ಸಿಟ್ಟು ಜರಾ ಹೆಚ್ಚು ಎಂದು ದಾರಿಯುದ್ದಕ್ಕೂ ಬಸ್ಸಿನಲ್ಲಿ ಪಾಠ ಹೇಳಿದಳು. ಇಳಿಯುವಾಗ ಕಡೆಯ ಮಾತು ಹೇಳಿದಳು, “ಅವರು ಏನರೆ ಕೇಳಿದ್ರ ನೆಟ್ಟಗ ಉತ್ತರ ಕೊಡು. ಶ್ಯಾಣ್ಯಾತನ ಮಾಡಬ್ಯಾಡ.”

ನಾನು ಕಾಕಾನ ಹೊಸ ಅಂಗಿ ಹಾಕಿಕೊಂಡಿದ್ದೆ. ತಿಳಿನೀಲಿ ಬಣ್ಣ, ಸಣ್ಣ ಬಿಳಿ ಗೆರೆ. ಹುಡುಗಿ ಉಪ್ಪಿಟ್ಟಿನ ತಾಟು ತಂದಿಟ್ಟಳು. ಒಳಗೆ ಓಡಿಹೋಗದೆ ಎದುರಿನ ಕುರ್ಚಿಯಲ್ಲೇ ಕೂತು, “ಸಾಲ್ಯಾಗ ಹುಡುಗರಿಗೆ ಹೊಡಿತೀರೇನ್ರಿ?” ಎಂದು ನೇರ ಕೇಳಿದಳು. ಇಲ್ಲ ಅಂದೆ. “ಮತ್ತ ಅವರು ಮಾತು ಹೆಂಗ ಕೇಳತಾರ?” ಅಂದಳು. ಕೇಳೂದಿಲ್ಲರಿ ಅಂದೆ. ಅವಳು ನಕ್ಕಳು. ನಾನು ಅಲ್ಲೇ ಸೋತುಬಿಟ್ಟೆ. ಇವಳು ತಪ್ಪಿದರೆ ನಾನು ಇನ್ನು ಯಾರ ಮನೆಯ ಉಪ್ಪಿಟ್ಟನ್ನೂ ತಿನ್ನುವವನಲ್ಲ ಎಂದು ಮನಸ್ಸು ಗಟ್ಟಿ ಹೇಳಿತು.

ಅಷ್ಟರಲ್ಲಿ ತಂದೆ ಹಣೆಯ ವಿಭೂತಿ ಸರಿಮಾಡಿಕೊಂಡು, ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದರು.

“ಅಂಗಿ ಭಾರಿ ಐತಲ್ರಿ. ಯಾವ ಕಂಪನಿದು?”

ಅಕ್ಕ ನೆಟ್ಟಗೆ ಉತ್ತರ ಕೊಡು ಅಂದಿದ್ದಳಲ್ಲ, ಕೊಟ್ಟೆ. “ಏನರೆ ರೀ.”

“ಏನರೆ ಅಂದ್ರ?”

“ಏನರೆ ಅಂದ್ರ ಏನರೇನ ರೀ.”

ಅವರ ಮೀಸೆ ಒಂದು ಕಡೆ ಎದ್ದಿತು. “ಕಂಪನಿಗೆ ಒಂದು ಹೆಸರು ಇರತೈತಲ್ಲೋ ತಮ್ಮಾ?”

“ಅದ ಹೆಸರು ರೀ. ಏನರೆ.”

ಉಪ್ಪಿಟ್ಟು ತಿನ್ನುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಅಕ್ಕ ಕುರ್ಚಿಯ ಕೆಳಗೆ ನನ್ನ ಕಾಲು ತುಳಿದಳು. ಆಮೇಲೆ ನನ್ನನ್ನು ಉಳಿಸಲು ತಾನೇ ಬಾಯಿ ಹಾಕಿದಳು. “ಖರೇನ ರೀ. ನಮ್ಮ ತಮ್ಮ ಯಾವಾಗ್ಲೂ ಏನರೇನ ಹಾಕ್ಕೊಳ್ಳಾಂವ.”

“ಕಾಣಾಕತ್ತೈತಿ ಬಿಡ್ರಿ” ಎಂದು ಅವರು ತಾಟು ಸರಿಸಿ ಎದ್ದು ನಿಂತರು. “ಹಿರಿಯಾರು ಬಾಯಿ ಬಿಟ್ಟು ಒಂದು ಮಾತು ಕೇಳಿದ್ರ ಉಡಾಫಿ ಮಾಡ್ತೀರೇನು? ಮಾಸ್ತರ ಅಂತ ಮಾಸ್ತರ! ನಡೀರಿ, ಬಸ್ಸಿನ ಹೊತ್ತಾತು.”

ಅಯ್ಯೋ ಶಿವನೇ! ಸೊಲ್ಲಾಪುರ, ಪವರ್‌ಲೂಮು, ಗುಂಡುಪಿನ್ನು ಎಂದು ತಲೆಬುಡವಿಲ್ಲದೆ ತೊದಲಿದೆ. ಅದನ್ನು ಕೇಳಿ ಅವರಿಗೆ ಸಿಟ್ಟು ಇನ್ನೂ ಏರಿತು. ಟೇಲರನಿಗೂ ಅವನ ಎಮ್ಮೆಯ ಗಂಟೆಗೂ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ. ಚಪ್ಪಲಿ ಹುಡುಕಲು ಬಾಗಿದ್ದೆ, ಹಿಂದಿನಿಂದ ಹುಡುಗಿಯ ದನಿ ಬಂತು.

“ಅಪ್ಪಾ, ಒಂದ್ ಸ್ವಲ್ಪ ತಡಿ. ಪುರಾವೆ ನೋಡದ ಹೆಂಗ ತೀರ್ಪು ಕೊಡತಿ?” ನನ್ನ ಕಡೆ ತಿರುಗಿ, “ಲೇಬಲ್ ಐತೇನ್ರಿ?” ಅಂದಳು.

“ಐತ್ರಿ.”

“ಎಲ್ಲೈತಿ?”

ಎಲ್ಲಿದೆ ಎಂದು ಬೆರಳಿನಿಂದ ತೋರಿಸಿದೆ. ಒಳಗಿನ ಬಾಗಿಲಲ್ಲಿ ನಿಂತಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದರು. “ತಗೀರಿ ಮತ್ತ” ಎಂದರು ವಕೀಲರು.

ತೆಗೆಯಲು ನನಗೇನೂ ಅಡ್ಡಿಯಿರಲಿಲ್ಲ, ಬನೀನಿನ ವಿಷಯ ನೆನಪಾಗದಿದ್ದರೆ. ಮೇಲಿನ ಅಂಗಿ ಹೊಸದಿದ್ದಾಗ ಒಳಗಿನದನ್ನು ಯಾರು ನೋಡುತ್ತಾರೆ ಎಂದು ಬೆಳಿಗ್ಗೆ ಕೈಗೆ ಸಿಕ್ಕಿದ್ದನ್ನು ಸಿಗಿಸಿಕೊಂಡಿದ್ದೆ. ಅದರಲ್ಲಿ ಬಟ್ಟೆಗಿಂತ ತೂತು ಹೆಚ್ಚು. ಗುಂಡಿ ಬಿಚ್ಚಿದರೆ ಮಾನ ಹೋಗುತ್ತದೆ, ಬಿಚ್ಚದಿದ್ದರೆ ಹುಡುಗಿ ಹೋಗುತ್ತಾಳೆ. ಮಾನ ಹೋದರೆ ಹೋಗಲಿ ಎಂದು ಗುಂಡಿ ಬಿಚ್ಚಿ, ಅಂಗಿಯ ಎಡಭಾಗವನ್ನು ಹೊರಳಿಸಿ ಹಿಡಿದು ನಿಂತೆ.

ಅವಳು ಹತ್ತಿರ ಬಂದು ಬಾಗಿದಳು. ಮೊದಲು ಲೇಬಲ್ ನೋಡಿದಳು, ಆಮೇಲೆ ಬನೀನು, ಆಮೇಲೆ ಮತ್ತೆ ಲೇಬಲ್. ಕೋರ್ಟಿನಲ್ಲಿ ಓದುವಂತೆ ಗಟ್ಟಿಯಾಗಿ “ಏನರೆ” ಎಂದು ಓದಿದಳು. ತಂದೆ ಕನ್ನಡಕ ಹುಡುಕಿ ಹಾಕಿಕೊಂಡು, ನನ್ನ ಎದೆಗೆ ಮೂಗು ತಾಗುವಷ್ಟು ಬಾಗಿ, ಅಕ್ಷರ ಕೂಡಿಸಿ ಓದಿದರು. ಒಮ್ಮೆ ಓದಿದರು, ಮತ್ತೊಮ್ಮೆ ಓದಿದರು. ಅವರ ಹೊಟ್ಟೆ ಅಲುಗಾಡತೊಡಗಿತು. “ಅಬಾಬಾಬಾ! ಖರೆನ ಏನರೇನ ಅಂತ ಬರದಾನಲ್ಲೋ ಮಗಾ!” ಎಂದು ಕುರ್ಚಿಗೆ ಕುಸಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಸರಿಸಿದ್ದ ತಾಟನ್ನು ತಾವೇ ನನ್ನ ಮುಂದೆ ಎಳೆದರು. ನಾವು ಹೊರಡುವಾಗ ಆ ಟೇಲರನ ಅಂಗಡಿಯ ಗುರುತು ಕೇಳಿಕೊಂಡರು.

ಮದುವೆಯ ಅಂಗಿಯನ್ನೂ ಕಾಕಾನೇ ಹೊಲಿದ. ನನ್ನದನ್ನು ಮಾತ್ರವಲ್ಲ, ಮಾವನವರದ್ದನ್ನೂ ಹೊಲಿದ. ಅಕ್ಷತೆಯ ದಿನ ಮಾವನವರು ಸಿಕ್ಕಸಿಕ್ಕವರ ಎದುರಿಗೆ ಗುಂಡಿ ಬಿಚ್ಚಿ ಲೇಬಲ್ ತೋರಿಸುತ್ತಿದ್ದರು. ಮಗಳ ಮದುವೆಯಲ್ಲಿ ಎದೆ ತೆರೆದುಕೊಂಡು ಓಡಾಡಬೇಡಿ ಎಂದು ಅತ್ತೆ ಬೈದಮೇಲೆ ನಿಲ್ಲಿಸಿದರು.

ನಮ್ಮಲ್ಲಿ ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು, ಪ್ರಾಸ ಜೋಡಿಸಿದ ಒಡಪು ಕಟ್ಟಿ ಗಂಡನ ಹೆಸರು ಹೇಳಿದ ಮೇಲೇ ಒಳಗೆ ಬಿಡುವುದು. ಅಕ್ಕ ಬಾಗಿಲಿಗೆ ಕೈ ಅಡ್ಡ ಹಿಡಿದು, “ಹೆಸರು ಹೇಳಿ ಒಳಗ ಬಾ” ಎಂದಳು. ಇವಳು ವಾದ ಮಾಡುವವಳು, ಒಡಪು ಎಲ್ಲಿಂದ ಬರಬೇಕು ಎಂದು ನಾನು ಬೆವರುತ್ತ ನಿಂತಿದ್ದೆ. ಅವಳು ಗಂಟಲು ಸರಿಮಾಡಿಕೊಂಡು ಶುರುಮಾಡಿದಳು.

“ರಬಕವಿ ನೂಲು, ಬನಹಟ್ಟಿ ಮಗ್ಗ, ಹೊಲಿಗಿ ಬಾಳ ನೇರ,
ಎದಿ ಹಂತೇಕ ಬರದೈತಿ ನಮ್ಮವರ ಹೆಸರು, ಏನರೆ!”

ಅಂಗಳದಲ್ಲಿ ನಗುವಿನ ಗದ್ದಲವೆದ್ದಿತು. ಹಿಂದೆ ನಿಂತಿದ್ದ ಕಾಕಾ ತಾನೇ ಹೊಲಿದ ಕರವಸ್ತ್ರದಲ್ಲಿ ಮೂಗು ಒರೆಸಿಕೊಳ್ಳುತ್ತ, “ನನ್ನ ಲೇಬಲ್ ರೀ ಅದು, ನನ್ನ ಲೇಬಲ್” ಎಂದು ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಹೇಳುತ್ತಿದ್ದ. ಅಕ್ಕ ನಗುತ್ತಲೇ ಕೈ ತೆಗೆದಳು. ನನ್ನ ಹೆಸರು ಯಾರೂ ಕೇಳಲಿಲ್ಲ, ನನಗೂ ಬೇಕೆನಿಸಲಿಲ್ಲ. ಆ ಹೊತ್ತು ಅವಳ ಬಾಯಲ್ಲಿ ಬಂದದ್ದೇ ನನ್ನ ಹೆಸರು ಎನಿಸಿ ಎದೆ ತುಂಬಿ ಬಂದಿತ್ತು.

ಅವಳು ಅಕ್ಕಿಯ ಸೇರನ್ನು ಬಲಗಾಲಿನಿಂದ ಉರುಳಿಸಿ ಒಳಗೆ ಬಂದಳು. ನನ್ನ ಪಕ್ಕಕ್ಕೆ ಸರಿದು, ತಲೆ ತಗ್ಗಿಸಿಕೊಂಡೇ ಮೆಲ್ಲಗೆ ಕೇಳಿದಳು.

“ಇವತ್ತರೆ ಬನೀನು ಹೊಸಾದು ಹಾಕ್ಕೊಂಡೀರೋ ಇಲ್ಲೋ?”

ನಾನು ಅಂಗಿಯ ಗುಂಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.